ಗೇರ್‌ಬಾಕ್ಸ್ ನಡುಗಲಿ ಎಂದು ಹೊರಟ ಶನಿವಾರ

ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರಿಗೂ ಹೆಸರಿಲ್ಲ. ಫೋನಿನಲ್ಲಿ ಒಬ್ಬರನ್ನೊಬ್ಬರು ಏರಿಯಾ ಮತ್ತು ಕಾರಿನ ಬಣ್ಣ ಹಾಕಿಯೇ ಉಳಿಸಿಕೊಂಡಿದ್ದೇವೆ. ರಾಮಮೂರ್ತಿ ನಗರ ಬಿಳಿ, ಫ್ರೇಜರ್ ಟೌನ್ ಬೂದು, ಹಲಸೂರು ಕೆಂಪು. ನಾನು ಸಿ.ವಿ. ರಾಮನ್ ನಗರ ನೀಲಿ. ಎಲ್ಲರ ಕಾರೂ ಒಂದೇ ಮಾಡೆಲ್, ಎಲ್ಲರ ಕಾರಿಗೂ ಒಂದೇ ಕಾಯಿಲೆ. ಗುಂಪು ಇರುವುದೇ ಅದಕ್ಕಾಗಿ.

ಕಾಯಿಲೆ ಏನೆಂದರೆ, ಇದು ಆಟೊಮ್ಯಾಟಿಕ್ ಗಾಡಿ. ಕ್ಲಚ್ ಒತ್ತುವ ಕೆಲಸ ನಮ್ಮ ಎಡಗಾಲಿಗಿಲ್ಲ, ಗೇರ್‌ಬಾಕ್ಸಿನೊಳಗಿನ ಒಂದು ಯಂತ್ರವೇ ಮಾಡಿಕೊಳ್ಳುತ್ತದೆ. ಖಾಲಿ ರಸ್ತೆಯಲ್ಲಿ ಇದಕ್ಕಿಂತ ಮರ್ಯಾದಸ್ಥ ಗಾಡಿ ಇಲ್ಲ. ಜಾಮಿನಲ್ಲಿ ಮಾತ್ರ, ತೆವಳುತ್ತ ಹೋದಷ್ಟು ಹೊತ್ತೂ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಬಿಸಿಯಾಗುತ್ತದೆ. ಮೊದಲು ಸೀಟಿನಡಿ ಸಣ್ಣ ನಡುಕ. ಆಮೇಲೆ ಹೊಟ್ಟೆಯೊಳಗಿನ ನೀರು ಅಲ್ಲಾಡುವಂಥ ಕುಲುಕು. ಕೊನೆಗೆ ಸ್ಟಿಯರಿಂಗಿನ ಹಿಂದೆ ಹಳದಿ ದೀಪ. ದೀಪ ಹತ್ತಿತೆಂದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ಹೊರಡುತ್ತದೆ. ಗೇರ್‌ಬಾಕ್ಸ್ ಬದಲಿಸುವ ಖರ್ಚಿಗೆ ಒಂದು ಒಳ್ಳೆಯ ಹಳೇ ಸಣ್ಣ ಕಾರೇ ಬರುತ್ತದೆ. ಕಂಪನಿಯ ಪ್ರಕಾರ ಇದು ದೋಷವಲ್ಲ, ಗಾಡಿಯ ಸ್ವಭಾವ.

ನಾನು ಗುಂಪಿಗೆ ಸೇರಿದ್ದು ಜಾಮಿಗೇ ಹೆಸರಾದ ಟಿನ್ ಫ್ಯಾಕ್ಟರಿ ಜಂಕ್ಷನ್ ಹತ್ತಿರ ನಡುರಸ್ತೆಯಲ್ಲಿ. ನನ್ನ ನೀಲಿ ಕಾರು ನಿಂತುಬಿಟ್ಟಿತ್ತು, ಹಿಂದಿನ ಬಸ್ಸಿನವರು ನನ್ನ ವಂಶವನ್ನು ವಿಚಾರಿಸಿಕೊಳ್ಳುತ್ತಿದ್ದರು. ಪಕ್ಕದ ಸಾಲಿನಲ್ಲಿ ಅದೇ ಮಾಡೆಲ್ಲಿನ ಬಿಳಿ ಕಾರು ಬಂದು ನಿಂತಿತು. ಗಾಜು ಇಳಿಸಿದವನು ನೀರು ಶುದ್ಧಿ ಮಾಡುವ ಯಂತ್ರಗಳನ್ನು ಮನೆಮನೆಗೆ ಮಾರುವ, ಬಾಯಿ ತುಂಬ ಮಾತಿರುವ ಮನುಷ್ಯ. ಅದು ಆಮೇಲೆ ಗೊತ್ತಾಯಿತು. ಆಗ ಅವನು ಕೇಳಿದ್ದು ಒಂದೇ ಪ್ರಶ್ನೆ.

‘ಹಳದಿನಾ ಸಾರ್?’

‘ಹಳದಿ.’

‘ಆಫ್ ಮಾಡಿ, ಬಾನೆಟ್ ಎತ್ತಿ, ಟೀ ಕುಡೀರಿ. ನಂಬರ್ ಕೊಡಿ, ಗ್ರೂಪಿಗೆ ಹಾಕ್ತೀನಿ.’

ನನ್ನ ವಾರಂಟಿ ಅಷ್ಟರಲ್ಲೇ ಮುಗಿದಿತ್ತು. ಕೈಯಿಂದ ಕೊಟ್ಟು ಗೇರ್‌ಬಾಕ್ಸ್ ಹಾಕಿಸಿದೆ. ಆದರೂ ಗುಂಪು ಬಿಡಲಿಲ್ಲ. ನನ್ನ ಕೆಲಸ ಪತ್ರಿಕೆಯ ಡೆಸ್ಕಿನಲ್ಲಿ, ಪಾಳಿ ಶುರುವಾಗುವುದು ಸಂಜೆ. ಬೆಳಗಿನ ಹೊತ್ತು ಖಾಲಿ. ಬಂದ ದೂರುಗಳನ್ನು ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ದೀಪ ಹತ್ತಿತೋ ಇಲ್ಲವೋ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಕೆಲಸ ನನ್ನ ಪಾಲಿಗೆ ಬಂತು. ರಾಮಮೂರ್ತಿ ನಗರ ಬಿಳಿ ಅದನ್ನು ಪಂಚಾಂಗ ಎಂದು ಕರೆಯುತ್ತಿದ್ದ.

ಹಲಸೂರು ಕೆಂಪಿನ ಒಡತಿ ಗಣಿತದ ಮೇಡಂ, ನಿವೃತ್ತರು. ಇಡೀ ಸರ್ವಿಸ್ ಬಸ್ಸಿನಲ್ಲೇ ಓಡಾಡಿದವರು. ನಿವೃತ್ತಿಯಾದ ಮೇಲೆ ಡ್ರೈವಿಂಗ್ ಸ್ಕೂಲಿಗೆ ಸೇರಿ ಕಾರು ಕಲಿತರು. ಎಡ ಮಂಡಿಗೆ ಆಪರೇಷನ್ ಆಗಿತ್ತು, ಕ್ಲಚ್ ಒತ್ತಬಾರದೆಂದು ಡಾಕ್ಟರು ಹೇಳಿದ್ದರಿಂದ ಆಟೊಮ್ಯಾಟಿಕ್ ತೆಗೆದುಕೊಂಡರು. ಅದು ಈ ಮಾಡೆಲ್ ಆಗಿತ್ತು. ಗುಂಪಿನಲ್ಲಿ ಉಳಿದವರಿಗೆ ಇದು ಖರ್ಚಿನ ಮಾತು, ಮೇಡಂಗೆ ಓಡಾಟದ್ದು.

‘ಇದು ರಿಪೇರಿ ಆಗ್ಲಿಲ್ಲ ಅಂದ್ರೆ ಮಾರಿಬಿಡ್ತೀನಿ’ ಎಂದು ಒಮ್ಮೆ ನನಗೆ ಹೇಳಿದ್ದರು. ‘ಇನ್ನೊಂದು ಕೊಳ್ಳೋಕೆ ಆಗಲ್ಲ. ಮತ್ತೆ ಯಾರಾದ್ರೂ ಕರ್ಕೊಂಡು ಹೋಗ್ತಾರಾ ಅಂತ ಕಾಯ್ಕೊಂಡು ಕೂರ್ಬೇಕು.’

ಅವರ ಹೆಚ್ಚುವರಿ ವಾರಂಟಿ ಮುಗಿಯುವುದು ಒಂದು ಶನಿವಾರ. ಮೂರು ಸಲ ಸರ್ವಿಸ್ ಸೆಂಟರಿಗೆ ಹೋಗಿ ಬಂದಿದ್ದರು. ಅಲ್ಲಿಯವರು ಪ್ರತಿ ಸಲವೂ ಬೆಳಗ್ಗೆ ತಣ್ಣಗಿನ ಗಾಡಿಯನ್ನು ಖಾಲಿ ಬೀದಿಯಲ್ಲಿ ಒಂದು ಸುತ್ತು ಹೊಡೆದು ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಕಳಿಸಿದ್ದರು. ಅವರ ನಿಯಮ ಎರಡೇ ಎರಡು. ದೋಷ ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾಗಿರಬೇಕು, ಇಲ್ಲವೇ ಅವರ ಕಣ್ಣೆದುರಿಗೆ ಆಗಬೇಕು. ಮೇಡಂ ಗಾಡಿ ನಡುಗುತ್ತಿತ್ತು, ಕುಲುಕುತ್ತಿತ್ತು, ಆದರೆ ದೀಪ ಮಾತ್ರ ಹತ್ತಿರಲಿಲ್ಲ. ದೀಪ ಹತ್ತದೆ ಕಂಪ್ಯೂಟರ್ ಏನನ್ನೂ ಬರೆದುಕೊಳ್ಳುವುದಿಲ್ಲ.

ವಾರಂಟಿಗೆ ಎರಡು ದಿನ ಉಳಿದಾಗ, ಗುರುವಾರ, ಹಲಸೂರು ಕೆರೆಯ ಪಕ್ಕ ದೀಪ ಹತ್ತಿತು. ಮೇಡಂ ಫೋಟೊ ಹಾಕಿದರು. ಅದರ ಕೆಳಗೆ ಬಂದಷ್ಟು ಅಭಿನಂದನೆಗಳು ಯಾರ ಮೊಮ್ಮಗು ಹುಟ್ಟಿದಾಗಲೂ ಬಂದಿರಲಿಕ್ಕಿಲ್ಲ. ‘ಇನ್ನು ರೆಕಾರ್ಡ್ ಇದೆ, ಶನಿವಾರ ನೇರ ಸೆಂಟರಿಗೆ’ ಎಂದು ಬಿಳಿ ಬರೆದ.

ಶುಕ್ರವಾರ ಸಂಜೆ, ನಾನು ಆಫೀಸಿನಲ್ಲಿದ್ದಾಗ, ಮೇಡಂ ಫೋನ್ ಮಾಡಿದರು. ಖುಷಿಯಲ್ಲಿದ್ದರು.

‘ಶಿವಾಜಿನಗರದಲ್ಲಿ ನಮ್ಮ ಮೆಕ್ಯಾನಿಕ್ ಇದಾರಲ್ಲ, ಅವರ ಹತ್ರ ತೋರಿಸ್ಕೊಂಡು ಬಂದೆ. ಒಳಗೆಲ್ಲ ಕ್ಲೀನ್ ಮಾಡ್ಕೊಟ್ರು. ನಾಳೆ ಅಷ್ಟು ದೊಡ್ಡ ಸೆಂಟರಿಗೆ ಹೋಗೋದು, ಗಾಡಿ ಹಾಗೇ ತಗೊಂಡು ಹೋದ್ರೆ ಚೆನ್ನಾಗಿರಲ್ಲ ಅಲ್ವಾ.’

‘ಕ್ಲೀನ್ ಅಂದ್ರೆ ಏನು ಮಾಡಿದ್ರು ಮೇಡಂ?’

‘ಒಂದು ಸಣ್ಣ ಮಿಷನ್ ಚುಚ್ಚಿದ್ರು. ಹಳದಿ ದೀಪ ಹೋಗೇಬಿಡ್ತು. ಬೆಣ್ಣೆ ಹಾಗೆ ಓಡ್ತಿದೆ ಈಗ.’

ಡಾಕ್ಟರ ಹತ್ತಿರ ಹೋಗುವ ಮೊದಲು ಸ್ನಾನ ಮಾಡಿ ಇಸ್ತ್ರಿ ಸೀರೆ ಉಡುವ ತಲೆಮಾರು ಅವರದು. ಆ ಶಿಸ್ತಿನಲ್ಲೇ ಅವರು ಕಂಪ್ಯೂಟರಿನಲ್ಲಿ ದಾಖಲಾಗಿದ್ದ ಒಂದೇ ಸಾಕ್ಷಿಯನ್ನು ಅಳಿಸಿಕೊಂಡು ಬಂದಿದ್ದರು. ನಾನು ಅದನ್ನು ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ ಹೇಳಿದೆ.

‘ಹಾಗಾದ್ರೆ ನಾಳೆ ಅವರ ಎದುರಿಗೇ ನಡುಗ್ಬೇಕು’ ಎಂದರು ಮೇಡಂ.

ಬಿಳಿಗೆ ಹೇಳಿದೆ. ಅವನು ಗುಂಪಿನಲ್ಲಿ ಗಾಡಿ ಕಾಯಿಸುವುದರಲ್ಲಿ ಪಂಡಿತನೆಂದು ಹೆಸರಾದವನು. ಕಾಯಿಸುವುದೆಂದರೆ ಬೇಕೆಂದೇ ಜಾಮಿನಲ್ಲಿ ತೆವಳಿಸಿ ಗೇರ್‌ಬಾಕ್ಸನ್ನು ಬಿಸಿ ಮಾಡಿ, ಆರುವ ಮೊದಲು ಸರ್ವಿಸ್ ಸೆಂಟರಿಗೆ ಮುಟ್ಟಿಸುವುದು. ‘ಟಿನ್ ಫ್ಯಾಕ್ಟರಿಯಲ್ಲಿ ಒಂದು ರೌಂಡ್ ಸಾಕು ಸಾರ್. ಕಾಫಿಗೆ ನೀರು ಕಾಯೋದ್ರೊಳಗೆ ಕಾಯುತ್ತೆ’ ಎಂದ.

ಶನಿವಾರ ಹನ್ನೊಂದಕ್ಕೆ ಹಲಸೂರಿನಲ್ಲಿ ಮೇಡಂ ಮನೆ ಮುಂದೆ ಸೇರಿದೆವು. ಕೆಂಪು ಕಾರು ತೊಳೆದು ಹೊಳೆಯುತ್ತಿತ್ತು. ಮೇಡಂ ಹೊರಗೆ ಬರುವಷ್ಟರಲ್ಲಿ ಬಿಳಿ ಡ್ರೈವರ್ ಸೀಟಿನಲ್ಲಿ ಕೂತಾಗಿತ್ತು, ನಾನು ಅವನ ಪಕ್ಕ. ಮೇಡಂ ಒಂದು ಕ್ಷಣ ನಿಂತು ನೋಡಿ, ಹಿಂದಿನ ಬಾಗಿಲು ತೆಗೆದು ಕೂತರು. ಸರ್ವಿಸ್ ಸೆಂಟರ್ ಮಾರತ್ತಹಳ್ಳಿ ಹತ್ತಿರ, ಅವತ್ತು ನಾಲ್ಕು ಗಂಟೆಯವರೆಗೆ ಮಾತ್ರ. ಸಮಯ ಬೇಕಾದಷ್ಟಿತ್ತು.

ನಾವು ಮರೆತದ್ದೆಂದರೆ ಅದು ಎರಡನೇ ಶನಿವಾರ, ಸೋಮವಾರವೂ ರಜೆ. ಊರು ಊರೇ ಎಲ್ಲಿಗೋ ಹೊರಟುಹೋಗಿತ್ತು. ಹಳೇ ಮದ್ರಾಸು ರಸ್ತೆಯಲ್ಲಿ ಮೆಟ್ರೊ ಕಂಬಗಳ ಕೆಳಗೆ ನಾಯಿಗಳು ಕಾಲು ಚಾಚಿ ಮಲಗಿದ್ದವು. ನನಗೆ ಬೇರೆ ದಿನ ಮುಕ್ಕಾಲು ಗಂಟೆ ಹಿಡಿಯುವ ಟಿನ್ ಫ್ಯಾಕ್ಟರಿಯನ್ನು ಒಂದು ಹಾಡು ಮುಗಿಯುವುದರೊಳಗೆ ದಾಟಿ, ಕೆ.ಆರ್. ಪುರದ ತೂಗುಸೇತುವೆಯ ಮೇಲೆ ಮದುವೆ ಗಾಡಿಯ ಹಾಗೆ ಹೋದೆವು.

‘ಏನ್ ಸಾರ್ ಇದು’ ಬಿಳಿಯ ದನಿಯಲ್ಲಿ ನಿಜವಾದ ನೋವಿತ್ತು. ‘ಇಷ್ಟು ವರ್ಷದಲ್ಲಿ ಒಂದಿನ ಕೈ ಕೊಟ್ಟಿರ್ಲಿಲ್ಲ ಈ ಟಿನ್ ಫ್ಯಾಕ್ಟರಿ.’

‘ವಾಪಸ್ ಇನ್ನೊಂದು ಸಲ ಬರೋಣ’ ಎಂದೆ.

ಬಂದೆವು. ಸಿಗ್ನಲ್ ಕೂಡ ಹಸಿರು ಬಿತ್ತು. ನನ್ನ ಅಭ್ಯಾಸದಂತೆ ನೋಟ್‌ಬುಕ್ಕಿನಲ್ಲಿ ಬರೆದೆ: ಹನ್ನೊಂದು ಐವತ್ತು, ಟಿನ್ ಫ್ಯಾಕ್ಟರಿ, ಏನೂ ಇಲ್ಲ. ಹಿಂದಿನಿಂದ ಮೇಡಂ, ‘ಶಿವಾಜಿನಗರ ಯಾವತ್ತೂ ಖಾಲಿ ಇರಲ್ಲ’ ಎಂದರು. ಆ ಹೊತ್ತಿನವರೆಗೂ ಅವರು ಆಡಿದ ಮಾತು ಅದೊಂದೇ.

ಅವರ ಮಾತು ನಿಜ. ಬಸ್ ಸ್ಟ್ಯಾಂಡಿನಿಂದ ರಸೆಲ್ ಮಾರ್ಕೆಟ್ಟಿನವರೆಗೆ ಆಟೊ, ತಳ್ಳುಗಾಡಿ, ಮೀನಿನ ಟೆಂಪೊ, ಬುರ್ಖಾ ತೊಟ್ಟ ಹೆಂಗಸರ ಗುಂಪು, ಎಲ್ಲವೂ ತಂತಮ್ಮ ಜಾಗದಲ್ಲಿದ್ದವು. ಜಾಮ್ ನೋಡಿ ನಾವಿಬ್ಬರೂ ಉಸಿರು ಬಿಟ್ಟೆವು. ಎಸಿ ಪೂರ್ತಿ ಹಾಕಿ ಒಂದು ಸುತ್ತು ಬಂದೆವು, ಎರಡು ಸುತ್ತು ಬಂದೆವು. ಬಿಳಿಗೆ ಬೇಸರವಾಗಿ ಸ್ಟಿಯರಿಂಗಿಗೆ ನಾನು ಕೂತೆ. ಇನ್ನೂ ಎರಡು ಸುತ್ತಾಯಿತು. ಗಾಡಿ ಬೆಣ್ಣೆ. ಗಂಟೆ ಎರಡಾಗುತ್ತ ಬಂತು. ಹಣ್ಣಿನ ತಳ್ಳುಗಾಡಿಯವನು ನಮ್ಮನ್ನು ಐದನೇ ಸಲ ನೋಡಿದಾಗ ‘ಅಡ್ರೆಸ್ ಯಾವುದು ಸಾರ್, ನಾನ್ ಹೇಳ್ತೀನಿ’ ಎಂದ.

ಐದನೇ ಸುತ್ತಿನಲ್ಲಿ ಮೇಡಂ ಅವರ ಮೆಕ್ಯಾನಿಕ್ ಅಂಗಡಿ ಮುಂದೆ ಸಿಕ್ಕಿಕೊಂಡೆವು. ನರೆತ ಗಡ್ಡಕ್ಕೆ ಮೆಹಂದಿ ಹಾಕಿದ, ಕೈ ಒರೆಸಿಕೊಳ್ಳುತ್ತಲೇ ಮಾತಾಡುವ ಹಿರಿಯ. ಕೆಂಪು ಕಾರಿನಲ್ಲಿ ಮೇಡಂ ಹಿಂದೆ ಕೂತದ್ದು ನೋಡಿ ಹೊರಗೆ ಬಂದರು. ನಿನ್ನೆ ಅಳಿಸಿದ್ದರಿಂದ ಏನಾಗಿದೆ ಎಂದು ಮೇಡಂ ಗಾಜಿಳಿಸಿ ಹೇಳಿದರು. ಹಿರಿಯರ ಕೈ ಒರೆಸುವುದು ನಿಂತಿತು.

‘ಅರೆ ಮೇಡಂ, ನಾನು ಒಳ್ಳೇದಕ್ಕೇ ಮಾಡಿದ್ದು. ದೀಪ ಹೋಗ್ಬೇಕು ಅಂದ್ರಿ, ತೆಗೆದೆ. ವಾರಂಟಿ ಮಾತು ಹೇಳಿದ್ರೆ ಮುಟ್ತಾ ಇರ್ಲಿಲ್ಲ.’

‘ನಿಮ್ಮ ತಪ್ಪಲ್ಲ ಭಾಯ್. ನಾನು ಹೇಳ್ಲಿಲ್ಲ.’

ಮುಂದೆ ಜಾಗವಾಯಿತು, ನಾನು ಗಾಡಿ ಬಿಟ್ಟೆ. ಮೆಕ್ಯಾನಿಕ್ ಪಕ್ಕದಲ್ಲೇ ನಡೆದುಕೊಂಡು ಬಂದರು. ಆ ಜಾಮಿನಲ್ಲಿ ನಡೆಯುವವರು ನಮಗಿಂತ ಬೇಗ. ಒಂದು ಅಂಗಡಿ, ಎರಡು ಅಂಗಡಿ, ಮೂರು ಅಂಗಡಿ ದೂರ ನನ್ನ ಕೈಯನ್ನೂ ಚಕ್ರವನ್ನೂ ನೋಡುತ್ತ ಬಂದು, ಗಾಜಿನ ಮೇಲೆ ಬೆರಳಿಂದ ಬಡಿದರು.

‘ಸಾಬ್, ನಿಮ್ಮ ಹತ್ರಾನೂ ಇದೇ ಗಾಡಿನಾ?’

‘ಹೌದು.’

‘ಎಷ್ಟು ವರ್ಷ ಆಯ್ತು?’

‘ಆರು.’

‘ಅದಕ್ಕೇ.’ ನಗಲಿಲ್ಲ, ರೋಗ ಪತ್ತೆ ಹಚ್ಚಿದ ಡಾಕ್ಟರ ಹಾಗೆ ಹೇಳಿದರು. ‘ಮುಂದೆ ಮೂರು ಗಾಡಿ ಜಾಗ ಆಗೋವರೆಗೂ ನೀವು ಬಿಡಲ್ಲ. ಬಿಟ್ರೆ ಒಂದೇ ಸಲ ಬಿಡ್ತೀರಾ. ನಿಂತ ಕೂಡ್ಲೇ ನ್ಯೂಟ್ರಲ್. ಹೀಗೆ ಓಡಿಸಿದ್ರೆ ಇನ್ನು ಹತ್ತು ವರ್ಷ ಅದಕ್ಕೆ ಜ್ವರ ಬರಲ್ಲ.’

ನಾನು ಕೈ ನೋಡಿಕೊಂಡೆ. ಗೇರ್ ಲಿವರ್ ನ್ಯೂಟ್ರಲ್‌ನಲ್ಲಿತ್ತು. ನಾನು ಹಾಕಿದ್ದು ನನಗೇ ಗೊತ್ತಿರಲಿಲ್ಲ. ಬಿಳಿಯೂ ಬೆಳಗ್ಗಿನಿಂದ ಅದನ್ನೇ ಮಾಡಿದ್ದ. ವರ್ಷಗಟ್ಟಲೆ ಈ ಗಾಡಿಗೆ ಹೆದರಿ ಹೆದರಿ, ಅದಕ್ಕೆ ನೋವಾಗದ ಹಾಗೆ ಓಡಿಸುವುದು ನಮ್ಮ ಕೈಕಾಲುಗಳಿಗೇ ಅಂಟಿಬಿಟ್ಟಿತ್ತು. ಊರಿನಲ್ಲಿ ಈ ಗೇರ್‌ಬಾಕ್ಸನ್ನು ಕೆಡಿಸಲಾಗದ ಇಬ್ಬರು ಯಾರಾದರೂ ಇದ್ದರೆ ಅದು ನಾವಿಬ್ಬರೇ. ಕೆಡಿಸಲು ನಾವೇ ಹೊರಟಿದ್ದೆವು.

‘ದಿನಾ ಈ ಗಾಡಿ ಯಾರು ಓಡಿಸ್ತಾರೆ?’ ಮೆಕ್ಯಾನಿಕ್ ಕೇಳಿದರು.

‘ನಾನು’ ಎಂದರು ಹಿಂದಿನ ಸೀಟಿನ ಮೇಡಂ.

‘ಹಾಗಾದ್ರೆ ಹಿಂದೆ ಯಾಕೆ ಕೂತಿದೀರಾ?’

ಬಿಳಿ, ‘ಮೇಡಂಗೆ ಯಾಕೆ ತೊಂದ್ರೆ ಅಂತ...’ ಎಂದು ಶುರು ಮಾಡಿ ಅರ್ಧಕ್ಕೇ ಬಿಟ್ಟ. ನಾನು ಇಳಿದೆ. ಮೇಡಂ ಸೀಟನ್ನು ಮುಂದಕ್ಕೆಳೆದು, ಕನ್ನಡಿ ಸರಿ ಮಾಡಿಕೊಂಡು, ಬೆಲ್ಟ್ ಹಾಕಿ, ಸೀರೆಯ ನೆರಿಗೆಯನ್ನು ಪೆಡಲ್‌ನಿಂದ ದೂರ ಸರಿಸಿ, ಆಮೇಲೆ ಹೊರಟರು. ಅಷ್ಟರಲ್ಲಿ ಹಿಂದೆ ಹತ್ತು ಆಟೊಗಳು ಹಾರನ್ ಬಡಿದುಕೊಂಡವು. ಅವರು ಕೇಳಿಸಿಕೊಳ್ಳಲಿಲ್ಲ.

ಅವರ ಓಡಿಸುವಿಕೆ ಹೀಗೆ: ಮುಂದಿನ ಗಾಡಿಗೂ ತಮ್ಮದಕ್ಕೂ ಒಂದು ಮೊಳ. ಆ ಗಾಡಿ ಒಂದು ಗೇಣು ಸರಿದರೆ ಇವರೂ ಒಂದು ಗೇಣು. ನಿಲ್ಲುವುದೇ ಇಲ್ಲ, ಬ್ರೇಕನ್ನು ಅರ್ಧ ಒತ್ತಿಕೊಂಡೇ ತೆವಳುವುದು.

‘ಯಾಕ್ ಮೇಡಂ ಇಷ್ಟು ಹತ್ರ?’ ಬಿಳಿ ಮುಂದಿನ ಸೀಟಿನಲ್ಲಿ ಕಾಲು ಒಳಗೆಳೆದುಕೊಂಡು ಕೇಳಿದ.

‘ಜಾಗ ಬಿಟ್ರೆ ಆಟೊದವರು ನುಗ್ತಾರೆ ಅಂತ ಸ್ಕೂಲಲ್ಲಿ ಹೇಳ್ಕೊಟ್ಟಿದ್ರು.’

ಶಿವಾಜಿನಗರ ಬಿಡುವಷ್ಟರಲ್ಲಿ ಗಂಟೆ ಮೂರಾಗಲು ಹತ್ತು ನಿಮಿಷ. ಹಲಸೂರು ದಾಟಿ ಇಂದಿರಾನಗರದ ನೂರಡಿ ರಸ್ತೆಯಲ್ಲಿ ಊಟಕ್ಕೆ ಬಂದವರ ಗಾಡಿಗಳ ಸಾಲಿತ್ತು, ಮೇಡಂ ಅದರ ಬಾಲಕ್ಕೆ ಸೇರಿಕೊಂಡರು. ಅರ್ಧ ದಾರಿಯಲ್ಲಿ ನನ್ನ ಸೀಟಿನಡಿ ಏನೋ ಸಣ್ಣಗೆ ಗುರ್ ಎಂದಂತಾಯಿತು. ಮತ್ತೊಮ್ಮೆ ಆಯಿತು. ಬಿಳಿ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದ. ಹೆರಿಗೆ ವಾರ್ಡಿನ ಹೊರಗೆ ಗಂಡಸರು ನೋಡಿಕೊಳ್ಳುವ ಹಾಗೆ ನೋಡಿಕೊಂಡೆವು.

‘ಬಂತು’ ಎಂದರು ಮೇಡಂ. ‘ದಿನಾ ಇಲ್ಲೇ ಬರೋದು.’

‘ಇದನ್ನ ಬೆಳಗ್ಗೇನೇ ಹೇಳ್ಬಾರ್ದಾ ಮೇಡಂ?’ ಬಿಳಿ ಕೇಳಿದ.

‘ನೀವು ಕೇಳ್ಲಿಲ್ಲ.’

ಮಾರತ್ತಹಳ್ಳಿಯ ಸರ್ವಿಸ್ ಸೆಂಟರ್ ಗೇಟಿಗೆ ಬಂದಾಗ ಮೂರು ನಲವತ್ತು. ಎಂಜಿನ್ ಆರಿಸುವಂತಿರಲಿಲ್ಲ, ಆರಿಸಿದರೆ ಗೇರ್‌ಬಾಕ್ಸ್ ತಣ್ಣಗಾಗುತ್ತದೆ. ಬಿಳಿ ಒಳಗೆ ಓಡಿ ಅಡ್ವೈಸರನ್ನು ಕೈ ಹಿಡಿದೇ ಕರೆದುಕೊಂಡು ಬಂದ. ಅಡ್ವೈಸರ್ ಅಂದರೆ ಗಾಡಿ ನೋಡಿ ದೋಷ ಏನೆಂದು ಜಾಬ್‌ಕಾರ್ಡಿನಲ್ಲಿ ಬರೆಯುವವರು. ಈತ ಒಳ್ಳೆಯ ಮಾತಿನ, ಇಸ್ತ್ರಿ ಅಂಗಿಯ ಯುವಕ. ಹಿಂದಿನ ಮೂರು ಸಲವೂ ‘ಕಂಡುಬಂದಿಲ್ಲ’ ಬರೆದವನು ಇವನೇ.

‘ಮೇಡಂ, ನಮಸ್ಕಾರ. ಇಳೀರಿ, ನಮ್ಮ ಟೆಕ್ನಿಷಿಯನ್ ಒಂದು ರೌಂಡ್ ನೋಡ್ಕೊಂಡು ಬರ್ತಾರೆ. ನೀವು ಲಾಂಜಲ್ಲಿ ಕೂತು ಕಾಫಿ ತಗೊಳ್ಳಿ.’

‘ಮೂರು ಸಲ ಕಾಫಿ ಕುಡಿದಿದೀನಿ’ ಎಂದರು ಮೇಡಂ. ಕೈ ಸ್ಟಿಯರಿಂಗ್ ಬಿಡಲಿಲ್ಲ. ‘ನಾನೇ ಓಡಿಸ್ತೀನಿ. ನೀವು ಪಕ್ಕದಲ್ಲಿ ಕೂತ್ಕೊಳ್ಳಿ.’

‘ಟೆಸ್ಟ್ ನಮ್ಮವರೇ ಮಾಡ್ಬೇಕು ಮೇಡಂ, ಹಾಗೇ ರೂಲ್ಸು.’

‘ದೋಷ ನಿಮ್ಮ ಕಣ್ಣಿಗೆ ಕಾಣ್ಬೇಕು ಅಂತ ತಾನೇ ರೂಲ್ಸಲ್ಲಿರೋದು? ಯಾರ ಕಾಲಿಂದ ಕಾಣ್ಬೇಕು ಅಂತ ಎಲ್ಲಿದೆ, ತೋರಿಸಿ.’

ಆತ ನನ್ನ ಕಡೆ ನೋಡಿದ. ನಾನು ಹಿಂದಿನ ಸೀಟಿನಲ್ಲಿ ಪೆನ್ನು ಹಿಡಿದು ಕೂತಿದ್ದೆ. ಏನೂ ಬರೆಯುತ್ತಿರಲಿಲ್ಲ, ಆದರೆ ಅದು ಆತನಿಗೆ ಗೊತ್ತಿರಲಿಲ್ಲ. ಮುಂದಿನ ಬಾಗಿಲು ತೆಗೆದು ಕೂತ. ಬಿಳಿ ನನ್ನ ಪಕ್ಕಕ್ಕೆ ಬಂದ.

ಊರು ಖಾಲಿಯಾಗಿದ್ದರೂ ಸೆಂಟರಿನ ಪಕ್ಕದಲ್ಲೇ ಇದ್ದ ಮಾರತ್ತಹಳ್ಳಿಯ ರಿಯಾಯಿತಿ ಬಟ್ಟೆ ಅಂಗಡಿಗಳ ಮುಂದೆ ಖಾಲಿ ಇರಲಿಲ್ಲ. ಮೇಡಂ ನೇರ ಅಲ್ಲಿಗೇ ಹೋದರು. ಒಂದು ಟೆಂಪೊ ಟ್ರಾವೆಲರ್ ಹಿಂದೆ ಒಂದು ಮೊಳ ಬಿಟ್ಟು ಸೇರಿಕೊಂಡರು. ಗೇಣು, ಗೇಣು, ಇನ್ನೊಂದು ಗೇಣು. ನಡುಕ ಬಂತು. ಅಡ್ವೈಸರ್ ಮುಂದೆ ನೋಡುತ್ತಲೇ, ‘ಇದು ಗಾಡಿ ಸ್ವಭಾವ ಮೇಡಂ’ ಎಂದ.

‘ಇರ್ಲಿ’ ಎಂದರು ಮೇಡಂ. ‘ಇನ್ನೂ ಸ್ವಲ್ಪ ಸ್ವಭಾವ ಇದೆ, ನೋಡಿ.’

ಮೂರು ಐವತ್ತೆರಡು. ಕುಲುಕು ಶುರುವಾಯಿತು. ಡ್ಯಾಷ್‌ಬೋರ್ಡಿನ ಮೇಲಿದ್ದ ಆತನ ಜಾಬ್‌ಕಾರ್ಡಿನ ಪ್ಯಾಡ್ ಜಾರಿ ಕಾಲ ಬುಡಕ್ಕೆ ಬಿತ್ತು. ಬಗ್ಗಿ ಎತ್ತಿಕೊಳ್ಳುವಾಗ ಗಾಡಿ ಮತ್ತೊಮ್ಮೆ ಕುಲುಕಿ ಆತನ ಹಣೆ ಮೆತ್ತಗೆ ಡ್ಯಾಷ್‌ಬೋರ್ಡಿಗೆ ತಾಗಿತು. ‘ಸಾರಿ’ ಎಂದು ಮೇಡಂ ಹೇಳಿ ಮುಗಿಸುವುದರೊಳಗೆ ಹಳದಿ ದೀಪ ಹತ್ತಿತು. ಗಾಡಿ ಬಟ್ಟೆ ಅಂಗಡಿಯೊಂದರ ಮುಂದೆ, ಯು ಟರ್ನಿನ ಬಾಯಲ್ಲೇ ನಿಂತಿತು. ನಾಲ್ಕೂ ಕಡೆಯಿಂದ ಹಾರನ್.

ಅಡ್ವೈಸರ್ ದೀಪ ನೋಡಿದ. ಪೆಡಲ್ ಒತ್ತಿ ನೋಡಲು ಹೇಳಿದ. ಮೇಡಂ ಒತ್ತಿದರು, ಎಂಜಿನ್ ಕೂಗಿತು, ಗಾಡಿ ಕದಲಲಿಲ್ಲ.

‘ಕಾಣಿಸ್ತಾ?’ ಮೇಡಂ ಕೇಳಿದರು.

‘ಕಾಣಿಸ್ತು ಮೇಡಂ.’

‘ಹಾಗಾದ್ರೆ ಇಲ್ಲೇ ಬರೀರಿ. ಟೈಮ್ ಹಾಕಿ.’

ಆತ ಬರೆದ. ಮೇಡಂ ಕನ್ನಡಕ ಹಾಕಿಕೊಂಡು ಓದಿದರು, ಒಂದು ಸಾಲಿನ ಕೆಳಗೆ ಬೆರಳಿಟ್ಟು ‘ಗಾಡಿ ನಿಂತುಹೋಯಿತು ಅನ್ನೋದು ಬಿಟ್ಟಿದೀರಾ’ ಎಂದರು. ಆತ ಅದನ್ನೂ ಸೇರಿಸಿ ಸಹಿ ಹಾಕಿದ. ಆಮೇಲೆ ಇಸ್ತ್ರಿ ಅಂಗಿಯ ತೋಳು ಮಡಿಸಿಕೊಂಡು ಇಳಿದ. ಆತ, ಬಿಳಿ, ನಾನು, ಮೂವರೂ ಹಿಂದಿನಿಂದ ನೂಕಿದೆವು. ಮೇಡಂ ಸ್ಟಿಯರಿಂಗ್ ಹಿಡಿದು, ಎಡಕ್ಕೆ ಇಂಡಿಕೇಟರ್ ಹಾಕಿಕೊಂಡೇ ಸೆಂಟರಿನ ಗೇಟಿನೊಳಗೆ ತಿರುಗಿಸಿದರು.

ವಾರಂಟಿಯ ಹೊಸ ಗೇರ್‌ಬಾಕ್ಸ್ ಬರಲು ಮೂರು ವಾರವಾಯಿತು. ಅಷ್ಟು ದಿನವೂ ಮೇಡಂ ಗುಂಪಿನಲ್ಲಿ ಏನೂ ಬರೆಯಲಿಲ್ಲ. ಬಿಳಿ ದಿನಕ್ಕೆ ಎರಡು ಸಲ ಸೆಂಟರಿಗೆ ಫೋನ್ ಮಾಡಿ, ಆ ಅಡ್ವೈಸರ್ ಈಗ ತನ್ನ ದನಿ ಕೇಳಿದರೆ ಫೋನ್ ಇಡುತ್ತಾನೆ ಎಂದು ನನಗೆ ವರದಿ ಕೊಡುತ್ತಿದ್ದ.

ಒಂದು ಮಂಗಳವಾರ ಬೆಳಗ್ಗೆ ನಾನಿನ್ನೂ ಕಾಫಿ ಕುಡಿಯುತ್ತಿದ್ದಾಗ ಮೇಡಂ ಫೋನ್ ಬಂತು. ಹಿಂದೆ ಜನರ ಗದ್ದಲ.

‘ಕೆ.ಆರ್. ಪುರದ ಸಂತೆಲಿದೀನಿ. ಹೂಕೋಸು ಚೆನ್ನಾಗಿದೆ. ನಿಮಗೆ ಬೇಕಾ?’

‘ಸಂತೆಗಾ? ಹೇಗೆ ಬಂದ್ರಿ ಮೇಡಂ?’

‘ಇನ್ನು ಹೇಗೆ ಬರ್ತಾರೆ. ಓಡಿಸ್ಕೊಂಡು ಬಂದೆ. ಎರಡು ತಗೊಳ್ಳಲಾ, ಮೂರಾ? ಬೇಗ ಹೇಳಿ, ಗಾಡಿ ರಸ್ತೆ ಬದಿ ಬಿಟ್ಟಿದೀನಿ, ಇಲ್ಲೊಬ್ಬರು ಪೊಲೀಸ್ ನನ್ನನ್ನೇ ನೋಡ್ತಿದಾರೆ.’

ಎರಡು ಎಂದೆ.